ಅಪ್ಪನ ಪ್ರಾಸ್ಟೇಟ್ ತೊಂದರೆಗೆ ಸಾ ಪಾಮೆಟ್ಟೊ ಮಾತ್ರೆ ಕೊಡಬಹುದಾ?

ನಿಮ್ಮ ತಂದೆಗೆ 64 ವರ್ಷ, ರಾತ್ರಿ ನಾಲ್ಕೈದು ಸಲ ಒಂದಕ್ಕೆ ಏಳುತ್ತಾರೆ, ಡಾಕ್ಟರ್ ಹತ್ತಿರ ಬಾ ಅಂದರೆ ನಾಚಿಕೆ. ಹಾಗಾಗಿ ಆನ್‌ಲೈನ್‌ನಲ್ಲಿ ಸಾ ಪಾಮೆಟ್ಟೊ ಅನ್ನೋ ಗಿಡಮೂಲಿಕೆ ಮಾತ್ರೆ ತರಿಸಿ ಕೊಡಲಾ ಅಂತ ಕೇಳಿದ್ದೀರಿ. ಪ್ರಾಸ್ಟೇಟ್ ಅಂದರೆ ಗಂಡಸರ ಮೂತ್ರಕೋಶದ ಕೆಳಗಿರುವ ಗ್ರಂಥಿ, ವಯಸ್ಸಾದಂತೆ ದಪ್ಪಗಾಗಿ ಮೂತ್ರನಾಳವನ್ನು ಒತ್ತುತ್ತದೆ. ನಾನು ಡಾಕ್ಟರ್ ಅಲ್ಲ, ಅದನ್ನೇ ಏಳು ತಿಂಗಳು ನುಂಗಿದವನು.

ನನಗೆ ಶುರುವಾಗಿದ್ದು 58ರಲ್ಲಿ. ಮೊದಲು ಧಾರೆ ಸಣ್ಣದಾಯಿತು. ಆಮೇಲೆ ನಿಂತರೂ ಬೇಗ ಬರುತ್ತಿರಲಿಲ್ಲ, ನಲ್ಲಿ ಸಣ್ಣಗೆ ಬಿಟ್ಟುಕೊಂಡು ಆ ಸದ್ದು ಕೇಳುತ್ತಾ ಗೋಡೆಯ ಟೈಲ್ಸ್ ಎಣಿಸುತ್ತಿದ್ದೆ. ಅಡ್ಡಕ್ಕೆ ಹನ್ನೊಂದು, ಮೇಲಕ್ಕೆ ಹದಿನಾಲ್ಕು, ಈಗಲೂ ನೆನಪಿದೆ. ಮುಗಿಯಿತು ಅಂತ ಬಂದು ಮಲಗಿದರೆ ಇನ್ನೂ ಸ್ವಲ್ಪ ಉಳಿದಿದೆ ಅನ್ನಿಸೋದು. ರಾತ್ರಿ ಬಸ್ಸಿನಲ್ಲಿ ಊರಿಗೆ ಹೋಗೋದನ್ನೇ ಬಿಟ್ಟೆ. ಹೆಂಡತಿಗೆ ಗೊತ್ತಾಗಿತ್ತು, ನಾನು ಹೇಳಲಿಲ್ಲ, ಅವಳು ಕೇಳಲಿಲ್ಲ.

ಡಬ್ಬಿ ತರಿಸಿದ ಮೊದಲ ತಿಂಗಳು ನಿಜವಾಗಿಯೂ ಹಿತವಾಯಿತು. ನಾಲ್ಕು ಸಲ ಏಳುತ್ತಿದ್ದವನು ಎರಡಕ್ಕೆ ಬಂದೆ. ಆದರೆ ಅದೇ ವಾರ ಸಂಜೆ ಕಾಫಿಯನ್ನೂ ಬಿಟ್ಟಿದ್ದೆ, ಹೊಗಳಿಕೆಯೆಲ್ಲಾ ಮಾತ್ರೆಗೆ ಹೋಯಿತು. ಮೇಲಾಗಿ ಈ ತೊಂದರೆ ಒಂದು ತಿಂಗಳು ಜಾಸ್ತಿ, ಒಂದು ತಿಂಗಳು ಕಡಿಮೆ, ತನ್ನಷ್ಟಕ್ಕೆ ಏರಿಳಿಯುತ್ತದೆ. ಅಮೆರಿಕದಲ್ಲಿ ಇದನ್ನು ಸರಿಯಾಗಿ ಪರೀಕ್ಷೆ ಮಾಡಿದ್ದಾರೆ, ಇದು ಅಲ್ಲಿಯ ಫ್ಲೋರಿಡಾ ಕಡೆ ಬೆಳೆಯುವ ಒಂದು ಕುಳ್ಳ ತಾಳೆ ಜಾತಿಯ ಹಣ್ಣು. 2006ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ 225 ಗಂಡಸರಿಗೆ ಒಂದು ವರ್ಷ ಕೊಟ್ಟರು, ಅರ್ಧ ಜನಕ್ಕೆ ನಿಜವಾದದ್ದು, ಅರ್ಧ ಜನಕ್ಕೆ ನೋಡೋಕೆ ಹಾಗೇ ಇರುವ ಖಾಲಿ ಮಾತ್ರೆ. ವ್ಯತ್ಯಾಸ ಕಾಣಲಿಲ್ಲ. ಪ್ರಮಾಣ ಸಾಲದೇನೋ ಅಂತ ಮತ್ತೊಂದು ಪರೀಕ್ಷೆಯಲ್ಲಿ ಮೂರು ಪಟ್ಟು ತನಕ ಏರಿಸಿ ನೋಡಿದರು, ಅದು 2011ರಲ್ಲಿ ಬಂತು, ಫಲ ಅದೇ. ಡಬ್ಬಿ ಮೇಲೆ ಎಫ್‌ಎಸ್‌ಎಸ್‌ಎಐ ನಂಬರ್ ನೋಡಿ ನಾನು ಸರ್ಕಾರ ಒಪ್ಪಿದ ಔಷಧಿ ಅಂದುಕೊಂಡಿದ್ದೆ. ಅದು ಆಹಾರಕ್ಕೆ ಕೊಡುವ ಲೈಸೆನ್ಸ್, ಕಾಯಿಲೆ ವಾಸಿ ಮಾಡುತ್ತದೆ ಅನ್ನೋ ಸರ್ಟಿಫಿಕೇಟ್ ಅಲ್ಲ.

ನಮ್ಮ ಕಡೆಯ ಔಷಧಿ ಕೇಳಿದರೆ, ಎಲ್ಲರೂ ಹೇಳೋದು ನೆಗ್ಗಿಲು ಮುಳ್ಳಿನ ಕಷಾಯ. ಆಯುರ್ವೇದದಲ್ಲೇ ಅದನ್ನು ಮೂತ್ರ ಜಾಸ್ತಿ ಮಾಡುವ ಗಿಡ ಅನ್ನುತ್ತಾರೆ. ಪೈಪ್ ಕಟ್ಟಿರುವಾಗ ಟ್ಯಾಂಕಿಗೆ ಇನ್ನೂ ನೀರು ಬಿಟ್ಟ ಹಾಗಲ್ವಾ? ಕಷಾಯ ಕುಡಿದ ರಾತ್ರಿ ನಾನು ಆರು ಸಲ ಎದ್ದೆ. ಚಂದ್ರಪ್ರಭಾ ವಟಿ ಅನ್ನೋ ಆಯುರ್ವೇದ ಮಾತ್ರೆ ಬೇಕೆನಿಸಿದರೆ ವೈದ್ಯರನ್ನೇ ಕೇಳಿ, ಅದರಲ್ಲಿ ಲೋಹ ಭಸ್ಮವೂ ಇರುತ್ತದೆ, ಸುಮ್ನೆ ಅಂಗಡಿಯಲ್ಲಿ ಕೊಂಡು ನುಂಗೋದಲ್ಲ. ಸಿಹಿಗುಂಬಳದ ಬೀಜ ತಿನ್ನಲಿ ಬಿಡಿ, ಹುರಿದರೆ ರುಚಿ. ಬಾಳೆದಿಂಡು ಕಲ್ಲಿಗೆ ಅಂತ ಜನ ತಿನ್ನೋದು, ಅದನ್ನು ಇದಕ್ಕೆ ಯಾಕೆ ಹೇಳುತ್ತಾರೋ!

ದುಡ್ಡು ಹೋದದ್ದಕ್ಕೆ ನನಗೆ ಬೇಜಾರಿಲ್ಲ. ಡಬ್ಬಿ ಇದೆಯಲ್ಲ ಅಂತ ಏಳು ತಿಂಗಳು ತೋರಿಸದೇ ಕೂತೆ, ಅದು ತಪ್ಪು. ಸಂಬಂಧಿಕರ ಮದುವೆಗೆ ಹೋದಾಗ ನೆಗಡಿಯಾಯಿತು, ಮೆಡಿಕಲ್ ಶಾಪಿನಲ್ಲಿ ಒಂದು ಮಾತ್ರೆ ತೆಗೆದುಕೊಂಡೆ. ಬೆಳಗಿನ ಜಾವ ಒಂದು ತೊಟ್ಟೂ ಬರಲಿಲ್ಲ. ಹೊಕ್ಕುಳ ಕೆಳಗೆ ಕಲ್ಲಿಟ್ಟ ಹಾಗೆ, ಕೂರೋಕೂ ಆಗದು ನಿಲ್ಲೋಕೂ ಆಗದು, ಹೊರಗೆ ವಾಲಗ ಊದುತ್ತಿದ್ದಾರೆ. ಆಸ್ಪತ್ರೆಯಲ್ಲಿ ಪೈಪ್ ಹಾಕಿದ ಮೇಲೆ ಚೀಲಕ್ಕೆ 900 ಎಂಎಲ್ ಬಂತು. ಡಾಕ್ಟರ್ ಕೇಳಿದ ಮೊದಲ ಪ್ರಶ್ನೆ, ನೆಗಡಿಗೆ ಏನಾದ್ರೂ ತಗೊಂಡ್ರಾ ಅಂತ. ಮೂಗು ಕಟ್ಟಿದ್ದನ್ನು ಬಿಡಿಸುವ ಕೆಲವು ಮಾತ್ರೆಗಳು ಮೂತ್ರಕೋಶದ ಬಾಯನ್ನು ಬಿಗಿ ಮಾಡುತ್ತವಂತೆ. ಇದನ್ನು ನಿಮ್ಮ ತಂದೆಗೆ ಇವತ್ತೇ ಹೇಳಿ.

ಪರೀಕ್ಷೆ ಅಂದರೆ ದೊಡ್ಡದೇನಿಲ್ಲ. ಮೂತ್ರ, ರಕ್ತದಲ್ಲಿ ಶುಗರ್ ಮತ್ತು ಪಿಎಸ್‌ಎ (ಪ್ರಾಸ್ಟೇಟ್ ಕ್ಯಾನ್ಸರ್ ಸುಳಿವಿದೆಯಾ ಅಂತ ನೋಡೋಕೆ), ಒಂದು ಸ್ಕ್ಯಾನಿಂಗ್. ಒಂದಕ್ಕೆ ಹೋಗಿ ಬಂದ ಮೇಲೆ ಒಳಗೆ ಎಷ್ಟು ಉಳಿದಿದೆ ಅಂತಲೂ ಸ್ಕ್ಯಾನ್‌ನಲ್ಲಿ ನೋಡುತ್ತಾರೆ. ರಾತ್ರಿ ಏಳೋದು ಶುಗರ್‌ನಿಂದಲೂ ಇರಬಹುದು, ಹಾಗಾಗಿ ಶುಗರ್ ಚೆಕ್ ಮಾಡಿಸೋಣ ಬನ್ನಿ ಅಂತಲೇ ಕರೆದುಕೊಂಡು ಹೋಗಿ, ಸುಳ್ಳೂ ಅಲ್ಲ, ನಾಚಿಕೆಯೂ ಇಲ್ಲ. ಮೂತ್ರದಲ್ಲಿ ರಕ್ತ ಬಂದರೆ, ಚಳಿ ಜ್ವರ ಬಂದರೆ, ಮೂತ್ರ ಪೂರ್ತಿ ಕಟ್ಟಿಕೊಂಡರೆ ಕಾಯಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ. ನನಗೆ ಮೂತ್ರಕೋಶದ ಬಾಯಿಯ ಬಿಗಿ ಸಡಿಲಿಸುವ ಟ್ಯಾಮ್ಸುಲೋಸಿನ್ ಅನ್ನೋ ಮಾತ್ರೆ ಕೊಟ್ಟರು, ಒಂದೇ ವಾರದಲ್ಲಿ ಧಾರೆ ಸುಧಾರಿಸಿತು. ಮೊದಮೊದಲು ಹಾಸಿಗೆಯಿಂದ ಎದ್ದ ತಕ್ಷಣ ತಲೆ ತಿರುಗುತ್ತಿತ್ತು. ಮುಂದೆ ಕಣ್ಣಿನ ಪೊರೆ ಆಪರೇಷನ್ ಮಾಡಿಸುವುದಿದ್ದರೆ ಈ ಮಾತ್ರೆ ತಗೊಳ್ಳೋದನ್ನು ಕಣ್ಣಿನ ಡಾಕ್ಟರ್‌ಗೆ ಮೊದಲೇ ಹೇಳಬೇಕು.

ಹೋಗುವ ಮುಂಚೆ ಮೂರು ದಿನ, ಏನು ಕುಡಿದರು, ಎಷ್ಟು ಹೊತ್ತಿಗೆ ಎದ್ದರು, ಎಷ್ಟು ಹೋಯಿತು ಅಂತ ಬರೆದಿಡಿ, ಗೆರೆ ಇರುವ ಹಳೇ ಪ್ಲಾಸ್ಟಿಕ್ ಜಗ್ ಸಾಕು. ನಾನು ಆಸ್ಪತ್ರೆಯಿಂದ ಬಂದ ಮೇಲೆ ಬರೆದು ತೋರಿಸಿದೆ. ಡಾಕ್ಟರ್ ಹಾಳೆ ನೋಡಿ, ಕಾಫಿ ಬಿಟ್ಟಿರೋದೇನೋ ಸರಿ, ರಾತ್ರಿ ಒಂಬತ್ತಕ್ಕೆ ಮೂರು ಲೋಟ ಮಜ್ಜಿಗೆ ಯಾಕ್ರೀ ಅಂದರು.