ಚರ್ಚ್ ಹಾಲಿನಲ್ಲಿ ‘ಎಂಡ್ ಆಫ್ ದಿ ಸ್ಪಿಯರ್’ ತೋರಿಸುವುದಾದರೆ

ಎಕ್ವಡಾರ್ ಕಾಡಿನಲ್ಲಿ ಐವರು ಮಿಷನರಿಗಳು ಕೊಲೆಯಾದ ನಿಜ ಘಟನೆಯನ್ನು ಆಧರಿಸಿದ ಇಂಗ್ಲಿಷ್ ಸಿನಿಮಾ ಇದು. ಸಕಲೇಶಪುರದ ಚರ್ಚ್ ಹಾಲಿನಲ್ಲಿ ಇದನ್ನು ಹಾಕಬೇಕು, ಮಕ್ಕಳನ್ನು ಕೂರಿಸಬಹುದಾ, ಇಂಗ್ಲಿಷ್ ಬಾರದ ಹಿರಿಯರಿಗೆ ಏನು ಮಾಡೋದು ಅಂತ ಕೇಳಿದ್ದೀರಿ.

ಹದಿಮೂರರ ಕೆಳಗಿನವರು ಬೇಡ. ಅಮೆರಿಕದಲ್ಲಿ 2006ರಲ್ಲಿ ಬಿಡುಗಡೆಯಾದಾಗ ಇದಕ್ಕೆ ಪಿಜಿ-13, ಅಂದರೆ ಹದಿಮೂರರ ಕೆಳಗಿನವರ ಬಗ್ಗೆ ಹೆತ್ತವರಿಗೆ ಎಚ್ಚರಿಕೆ ಕೊಡುವ ದರ್ಜೆ, ಕೊಟ್ಟದ್ದು ಹಿಂಸೆಯ ಕಾರಣಕ್ಕೇ. ಹಾಗಂತ ಶುರುವಿನ ಈಟಿ ದಾಳಿಗಳನ್ನು ಓಡಿಸಿ ಮುಂದಕ್ಕೆ ಹೋಗಬೇಡಿ, ದಯವಿಟ್ಟು. ಎಕ್ವಡಾರ್ ಕಾಡಿನ ವಾವೊಡಾನಿ ಬುಡಕಟ್ಟಿನವರು ಸೇಡಿಗೆ ಸೇಡು ಅಂತ ತಮ್ಮವರನ್ನೇ ಕೊಂದುಕೊಳ್ಳುತ್ತಿದ್ದರು. ಅದನ್ನು ನೋಡದವರಿಗೆ ಕಾಡಿನವರು ಐವರು ಮಿಷನರಿಗಳನ್ನು ಕೊಂದ ಕತೆಯಷ್ಟೇ ಉಳಿಯುತ್ತದೆ. ಸಮಾಧಾನವಾದದ್ದು ಯಾರ್‍ಯಾರ ನಡುವೆ ಅನ್ನೋದೇ ಗೊತ್ತಾಗುವುದಿಲ್ಲ.

ಹಿನ್ನೆಲೆಯನ್ನು ಎರಡು ನಿಮಿಷ ಮೊದಲೇ ಹೇಳಿ. ಆ ಐವರಲ್ಲಿ ಪೈಲಟ್ ಆಗಿದ್ದ ನೇಟ್ ಸೇಂಟ್ ವಿಮಾನವನ್ನು ಒಂದೇ ಜಾಗದ ಮೇಲೆ ಸುತ್ತಿಸುತ್ತಾ ಉದ್ದನೆಯ ಹಗ್ಗ ಇಳಿಬಿಡುತ್ತಿದ್ದರು. ತುದಿಯ ಬಕೆಟ್ ಸುತ್ತಿನ ನಡುವೆ ಹೆಚ್ಚುಕಡಿಮೆ ನಿಂತ ಹಾಗೆ ತೂಗುತ್ತಿತ್ತು. ಕೆಳಗಿನವರು ಉಡುಗೊರೆ ತೆಗೆದುಕೊಂಡು ವಾಪಸ್ ಒಂದು ಗಿಳಿಯನ್ನೂ ಕಳಿಸಿದ್ದರು. 1956ರ ಜನವರಿ 8ರಂದು ಕುರಾರೈ ನದಿಯ ಮರಳದಂಡೆಯಲ್ಲಿ ಐವರೂ ಈಟಿಗೆ ಬಲಿಯಾದರು. ಬಂದೂಕು ಇದ್ದವು, ಆದರೆ ಜನರ ಮೇಲೆ ಹಾರಿಸುವುದಿಲ್ಲ ಅಂತ ಮೊದಲೇ ನಿರ್ಧರಿಸಿದ್ದರು. 1958ರಲ್ಲಿ ನೇಟ್‌ರ ಅಕ್ಕ ರೇಚಲ್ ಮತ್ತು ಸತ್ತ ಐವರಲ್ಲಿ ಒಬ್ಬರಾದ ಜಿಮ್ ಎಲಿಯಟ್‌ರ ಪತ್ನಿ ಎಲಿಸಬೆತ್, ಪುಟ್ಟ ಮಗಳನ್ನೂ ಕರೆದುಕೊಂಡು, ಅದೇ ಜನರ ನಡುವೆ ಬದುಕಲು ಹೋದರು. ದಾರಿ ಮಾಡಿಕೊಟ್ಟವಳು ಸೇಡಿಗೆ ಹೆದರಿ ಓಡಿಹೋಗಿದ್ದ ವಾವೊಡಾನಿ ಹೆಂಗಸು ಡಯುಮಾ. ಚಿತ್ರದ ಕೊನೆ ಇಬ್ಬರು ಗಂಡಸರ ಸುತ್ತ ನಿಲ್ಲುತ್ತದೆ: ನೇಟ್‌ರ ಮಗ ಸ್ಟೀವ್ ಮತ್ತು ವಾವೊಡಾನಿ ಮಿಂಕಯಾನಿ. ಈ ಹೆಂಗಸರ ಹೆಸರು ನೀವೇ ಎತ್ತಿ ಹೇಳಬೇಕು, ನನಗೆ ಅದು ಬಹಳ ಮುಖ್ಯ ಅನ್ನಿಸುತ್ತದೆ. ಮಿಂಕಯಾನಿ ಅನ್ನುವ ಪಾತ್ರ ಒಬ್ಬನೇ ವ್ಯಕ್ತಿಯಲ್ಲ, ಕೆಲವರನ್ನು ಸೇರಿಸಿ ಮಾಡಿದ್ದು. ಅದನ್ನೂ ಹೇಳಿಬಿಡಿ.

ಇನ್ನು ಸಬ್‌ಟೈಟಲ್. ಚಿತ್ರೀಕರಣ ಪನಾಮಾದಲ್ಲಿ ಆಗಿದ್ದು, ವಾವೊಡಾನಿಗಳ ಮಾತು ಅಲ್ಲಿನ ಎಂಬೆರಾ ಭಾಷೆಯಲ್ಲಿದೆ. ಹಾಗಾಗಿ ಇಂಗ್ಲಿಷ್ ಬಲ್ಲವರೂ ಓದಲೇಬೇಕು. ಹಿರಿಯರಿಗಾಗಿ ಕನ್ನಡ ಸಬ್‌ಟೈಟಲ್ ನೀವೇ ಮಾಡುವುದಾದರೆ ಸಾಲುಗಳನ್ನು ಯೂನಿಕೋಡ್‌ನಲ್ಲೇ ಟೈಪ್ ಮಾಡಿ, ಸೇವ್ ಮಾಡುವಾಗ ‘ಎನ್‌ಕೋಡಿಂಗ್’ ಕಡೆ ಯುಟಿಎಫ್-8 ಆರಿಸಿ. ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದರೆ ಪರದೆ ಮೇಲೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ ಬರುತ್ತವೆ. ಪೆನ್‌ಡ್ರೈವ್‌ನಿಂದ ನೇರ ಟಿವಿಗೆ ಹಾಕಿದರೆ ಎಷ್ಟೋ ಸಲ ಒತ್ತಕ್ಷರ ಕಳಚುತ್ತದೆ, ಇಲ್ಲವೇ ಬರೀ ಚೌಕಗಳು. ಲ್ಯಾಪ್‌ಟಾಪಿನಲ್ಲಿ ವಿಎಲ್‌ಸಿ ಅನ್ನುವ ವಿಡಿಯೊ ಪ್ಲೇಯರ್, ನೋಟೊ ಸಾನ್ಸ್ ಕನ್ನಡ ಫಾಂಟ್, ಅಲ್ಲಿಂದ ಪ್ರೊಜೆಕ್ಟರ್. ಹಿಂದಿನ ದಿನವೇ ಕೊನೆಯ ಸಾಲಿನಲ್ಲಿ ಕೂತು ಓದಿ ನೋಡಿ.

ಮನೆಗೆಂದು ಕೊಂಡ ಡಿವಿಡಿಗೆ ಹಾಲಿನಲ್ಲಿ ತೋರಿಸುವ ಹಕ್ಕು ಬರುವುದಿಲ್ಲ, ಹಕ್ಕುದಾರರಿಗೆ ಬರೆದು ಅನುಮತಿ ತರಿಸಿಕೊಳ್ಳಿ. ಮಳೆಗಾಲವಾದರೆ ಯುಪಿಎಸ್ ಇರಲಿ.

ಅನುವಾದದಲ್ಲಿ ಒಂದು ಮಾತು: ವಾವೊಡಾನಿಗಳು ದೇವರಿಗೆ ವೇಂಗೊಂಗಿ ಅನ್ನುತ್ತಾರೆ. ಅದನ್ನು ಯೆಹೋವ ಅಂತ ತಿದ್ದಬೇಡಿ, ಹಾಗೇ ಬಿಡಿ.