ಫೋನ್ ನಂಬರ್ ತಿದ್ದಿದರೆ ಬಿಲ್ಲೇ ಖಾಲಿ!

ಪ್ರಶ್ನೆ: ನಮ್ಮೂರಿನ ಹಾರ್ಡ್‌ವೇರ್ ಅಂಗಡಿಗೆ ಬಿಲ್ಲಿಂಗ್ ಆ್ಯಪ್ ಬರೆಯುತ್ತಿದ್ದೇನೆ. ಸ್ಪ್ರಿಂಗ್ ಬೂಟ್ (ಜಾವಾದಲ್ಲಿ ಆ್ಯಪ್ ಕಟ್ಟುವ ಚೌಕಟ್ಟು), ಹೈಬರ್ನೇಟ್ (ಜಾವಾದ ವಸ್ತುಗಳನ್ನು, ಅಂದರೆ ಆಬ್ಜೆಕ್ಟ್‌ಗಳನ್ನು, ಡೇಟಾಬೇಸ್‌ಗೆ ಬರೆದು ಓದುವ ಸಾಧನ) ಬಳಸಿದ್ದೇನೆ. ಬಿಲ್ಲಿನಲ್ಲಿರುವ ಗಿರಾಕಿಯ ಫೋನ್ ನಂಬರ್ ತಿದ್ದಿ ಸೇವ್ ಒತ್ತಿದರೆ, ಆ ಬಿಲ್ಲಿನ ಐಟಂಗಳೆಲ್ಲ ಡೇಟಾಬೇಸ್‌ನಿಂದ ಅಳಿಸಿಹೋಗುತ್ತವೆ. ಸೇವ್ ಒಳಗೆ ನಡೆಯುವುದು ಮರ್ಜ್ ಅಂತೆ. ಮರ್ಜ್ ಅಂದರೆ ಹಳೆಯದಕ್ಕೆ ಹೊಸದನ್ನು ಸೇರಿಸುವುದು ಅಲ್ವಾ ಸರ್?
– ಒಬ್ಬ ಓದುಗ, ಹಾಸನ

ಉತ್ತರ: ಅಲ್ಲ ಮಾರಾಯರೇ, ಆ ಹೆಸರೇ ಮೋಸ. ನಾನೂ ಒಮ್ಮೆ ಮೋಸ ಹೋಗಿದ್ದೇನೆ. ಒಂದು ಹಾಲಿನ ಸಂಘಕ್ಕೆ ಲೆಕ್ಕದ ಸಾಫ್ಟ್‌ವೇರ್ ಬರೆದಿದ್ದೆ. ಸದಸ್ಯರೊಬ್ಬರ ಬ್ಯಾಂಕ್ ಖಾತೆ ನಂಬರ್ ತಿದ್ದಿದೆ, ಅವರು ತಿಂಗಳಿಡೀ ಹಾಕಿದ ಹಾಲಿನ ಎಂಟ್ರಿಗಳು ಮಾಯ! ಕಾರ್ಯದರ್ಶಿಗಳು ಪುಸ್ತಕದಲ್ಲೂ ಬರೆದಿಟ್ಟಿದ್ದರು, ಬಚಾವಾದೆ.

ಆಗುವುದು ಇಷ್ಟು. ಐಡಿ ಇರುವ ವಸ್ತುವನ್ನು ಸೇವ್‌ಗೆ ಕೊಟ್ಟರೆ ಸ್ಪ್ರಿಂಗ್ ಮರ್ಜ್ ಕರೆಯುತ್ತದೆ. ಮರ್ಜ್ ಡೇಟಾಬೇಸ್‌ನಿಂದ ಹಳೆಯ ಬಿಲ್ ತಂದು, ನೀವು ಕೊಟ್ಟದ್ದನ್ನು ಅದರ ಮೇಲೆ ನಕಲು ಮಾಡುತ್ತದೆ. ಪಟ್ಟಿಯೂ ಹಾಗೇ. ನಿಮ್ಮ ಪರದೆ ಫೋನ್ ನಂಬರ್ ಮಾತ್ರ ಕಳಿಸಿತು. ಬಿಲ್‌ನ ಜಾವಾ ಕ್ಲಾಸಿನಲ್ಲಿ ಐಟಂ ಪಟ್ಟಿಗೆ ಮೊದಲೇ ಖಾಲಿ ಅರೇಲಿಸ್ಟ್ (ಜಾವಾದ ಪಟ್ಟಿ) ಕೊಟ್ಟಿದ್ದೀರಿ, ಅಲ್ವಾ? ಹೈಬರ್ನೇಟ್ ಅದನ್ನು ನೋಡಿ, ‘ಐಟಂ ಒಂದೂ ಇಲ್ಲ’ ಅಂತ ನಂಬಿತು. ಜೊತೆಗೆ ಆರ್ಫನ್‌ರಿಮೂವಲ್ ಎಂಬ ಸೆಟ್ಟಿಂಗ್ ಆನ್ ಇರಲೇಬೇಕು. ಪಟ್ಟಿಯಿಂದ ಬಿದ್ದದ್ದನ್ನೆಲ್ಲ ಅದು ಅಳಿಸಿಹಾಕುತ್ತದೆ. ಅದು ಮಾಡಿದ್ದು ಸರಿಯೇ, ನೀವು ಹೇಳಿದ್ದು ತಪ್ಪು.

ಪರದೆಯಿಂದ ಬಂದದ್ದನ್ನು ನೇರವಾಗಿ ಮರ್ಜ್ ಮಾಡುವ ಅಭ್ಯಾಸವನ್ನೇ ಬಿಡಿ. ಟ್ರಾನ್ಸಾಕ್ಷನ್ (ಆದರೆ ಎಲ್ಲವೂ, ಇಲ್ಲದಿದ್ದರೆ ಒಂದೂ ಆಗದ ಡೇಟಾಬೇಸ್ ಕೆಲಸಗಳ ಕಟ್ಟು) ಒಳಗೆ ಐಡಿಯಿಂದ ಬಿಲ್ ತನ್ನಿ, ಫೋನ್ ನಂಬರ್ ಬದಲಿಸಿ, ಅಷ್ಟೇ. ಸೇವ್ ಕೂಡ ಬೇಡ, ಟ್ರಾನ್ಸಾಕ್ಷನ್ ಮುಗಿಯುವಾಗ ಹೈಬರ್ನೇಟ್ ತಾನೇ ಬರೆಯುತ್ತದೆ. ಐಟಂಗಳೂ ಬದಲಾಗಿದ್ದರೆ ಐಡಿ ಹೋಲಿಸಿ ನೋಡಿ: ಇರುವುದನ್ನು ತಿದ್ದಿ, ಹೋದದ್ದನ್ನು ಪಟ್ಟಿಯಿಂದ ತೆಗೆಯಿರಿ, ಹೊಸದನ್ನು ಸೇರಿಸುವಾಗ ಅದಕ್ಕೆ ಬಿಲ್ ಯಾವುದೆಂದು ಹೇಳುವುದನ್ನು ಮರೆಯಬೇಡಿ. ಹಳೆಯ ಪಟ್ಟಿಯನ್ನೇ ಕಿತ್ತು ಹೊಸ ಪಟ್ಟಿ ಇಟ್ಟರೆ ಮಾತ್ರ ಹೈಬರ್ನೇಟ್ ಎರರ್ ಕೊಟ್ಟು ನಿಲ್ಲುತ್ತದೆ. ಕೋಡ್ ಒಂದಿಪ್ಪತ್ತು ಸಾಲು ಜಾಸ್ತಿ ಆಗಬಹುದು, ಆಗಲಿ ಬಿಡಿ.

ಬೀಳಬಹುದಾದ ಇನ್ನೊಂದು ಹೊಂಡ ಇದೆ. ಮರ್ಜ್‌ಗೆ ನೀವು ಕೊಟ್ಟ ವಸ್ತು ಹಾಗೇ ಹೊರಗೆ ಉಳಿಯುತ್ತದೆ. ಮರ್ಜ್ ವಾಪಸ್ ಕೊಡುವ ನಕಲು ಮಾತ್ರ ಹೈಬರ್ನೇಟ್‌ನ ಕೈಯಲ್ಲಿರುತ್ತದೆ. ಹೊಸ ಐಟಂನ ಐಡಿ ಬರುವುದು ಆ ನಕಲಿಗೆ. ನೀವು ಹಳೆಯದನ್ನೇ ಇಟ್ಟುಕೊಂಡು ಮತ್ತೆ ಮರ್ಜ್ ಮಾಡಿದರೆ, ಐಡಿ ಇಲ್ಲದ ಆ ಐಟಂ ಮತ್ತೆ ಹೊಸದಾಗಿ ಸೇರುತ್ತದೆ. ಆರ್ಫನ್‌ರಿಮೂವಲ್ ಆನ್ ಇದ್ದರೆ ಮೊದಲು ಸೇರಿದ್ದು ಅಳಿಯುತ್ತದೆ, ಆಫ್ ಇದ್ದರೆ ಎರಡೂ ಉಳಿಯುತ್ತವೆ. ಅರ್ಧ ಕೆಜಿ ಮೊಳೆ ಎರಡು ಸಲ ಬಿಲ್ ಆದರೆ ಗಿರಾಕಿ ಸುಮ್ನೆ ಬಿಡ್ತಾರಾ?

ಅಳಿಸಿಹೋದ ಐಟಂಗಳನ್ನು ಹೈಬರ್ನೇಟ್ ವಾಪಸ್ ತರುವುದಿಲ್ಲ. ಡೇಟಾಬೇಸ್ ಬ್ಯಾಕಪ್ ನೋಡಿ. ಅದೂ ಇಲ್ಲದಿದ್ದರೆ ಬಿಲ್ ಪುಸ್ತಕದ ಕಾರ್ಬನ್ ಪ್ರತಿ ಇಟ್ಟಿದ್ದಾರಾ ಅಂತ ಅಂಗಡಿಯವರನ್ನು ಕೇಳಿ.