ವಕೀಲರ ಮುಂದ ಏನ್ ಮಾತಾಡ್ಲಿ ಅಂತ ಕೇಳಿದ ತಂಗಿಗೆ

ಬಾಗಲಕೋಟೆಯಿಂದ ಒಬ್ಬ ಸ್ಟಾಫ್ ನರ್ಸ್ ಪತ್ರ ಬರದಾರ. ಐಸಿಯುದಾಗ 12 ವರ್ಷ ಡ್ಯೂಟಿ, ನಡಾ ಹಿಡಕೊಂಡೈತಿ, ನೈಟ್ ಇನ್ನ ಆಗಂಗಿಲ್ಲ ಅಂತಾರ. ಅಮೆರಿಕದಾಗಿರೋ ಅವರ ಗೆಳತಿ ಲೀಗಲ್ ನರ್ಸ್ ಕನ್ಸಲ್ಟಂಟ್ ಆಗ್ಯಾಳಂತ, ಅಂದ್ರ ದವಾಖಾನಿ ಕೇಸಿನ ಫೈಲ್ ಓದಿ ಎಲ್ಲಿ ಏನ್ ಆತು ಅಂತ ವಕೀಲರಿಗೆ ಬಿಡಿಸಿ ಹೇಳೋ ಕೆಲಸ. "ನಾನೂ ಆ ಕಡೆ ಹೋಗ್ಲ್ಯಾ? ಸೇವಾ ಬಿಟ್ಟು ಕೋರ್ಟ್ ಕಟ್ಟಿ ಹತ್ತತಿಯೇನ ಅಂತ ಅತ್ತಿ ಕೇಳ್ತಾರ. ನಾ ಬರೇ ನರ್ಸ್, ವಕೀಲರ ಮುಂದ ಏನ್ ಮಾತಾಡ್ಲಿ ಸರ್" ಅಂತ ಅವರ ಪ್ರಶ್ನೆ.

ತಂಗಿ, "ಬರೇ ನರ್ಸ್" ಅಂತ ಮತ್ತೊಮ್ಮೆ ನನಗ ಬರೀಬ್ಯಾಡ್ರಿ, ಖರೇನ ಸಿಟ್ಟು ಬರ್ತೈತಿ. ಡಾಕ್ಟರ್ ರೌಂಡ್ಸಿಗೆ ಬಂದು ಹೋಗ್ತಾರ, ರಾತ್ರಿ ಮೂರಕ್ಕ ಸ್ಯಾಚುರೇಷನ್, ಅಂದ್ರ ರಕ್ತದಾಗಿನ ಆಕ್ಸಿಜನ್, ಇಳಿಯೋದನ್ನ ಮೊದಲ ನೋಡೋರು ನೀವು, ಫೋನ್ ಮಾಡೋರು ನೀವು, ಎಷ್ಟು ಗಂಟೆಗೆ ಮಾಡಿದ್ದು ಅಂತ ನೋಟ್ಸ್‌ನ್ಯಾಗ ಬರಿಯೋರೂ ನೀವ. ಮುಂದ ಕೇಸ್ ನಿಲ್ಲೋದು ಬೀಳೋದು ಅದ ಒಂದು ಸಾಲಿನ ಮ್ಯಾಲೆ.

ಅತ್ತಿಯವರ ಮಾತು ತಪ್ಪಂತ ನಾ ಹೇಳಂಗಿಲ್ಲ. ಕೈ ಪಳಗಿದ ಸಿಸ್ಟರ್‌ಗಳೆಲ್ಲಾ ವಾರ್ಡ್ ಬಿಟ್ರ ರೋಗಿ ಗತಿ ಏನು ಅನ್ನೋ ಚಿಂತಿ ಐತಿ. ಆದ್ರ ಆ ಭಾರಾ ನಿಮ್ಮ ಒಬ್ಬರ ನಡುವಿನ ಮ್ಯಾಲೆ ಹೊರಿಸೋದು ಯಾವ ನ್ಯಾಯ?

ಬೆಳಗಾವಿಯ ನಮ್ಮ ವಕೀಲ ಮಿತ್ರರ ಆಫೀಸಿನ್ಯಾಗ ನಾನ ನೋಡಿದ್ದು ಹೇಳ್ತೇನಿ. ರಾಮದುರ್ಗ ಕಡೆಯ ಒಬ್ಬ ರೈತನ ಮಗ ಆಪರೇಷನ್ ಆದ ಮ್ಯಾಲೆ ತೀರಿಕೊಂಡಿದ್ದ, ಕೇಸಿನ ಕಾಗದ ದೊಡ್ಡ ಕಟ್ಟ ಇತ್ತು, ಎಲ್ಲಾ ಇಂಗ್ಲಿಷು, ಅದರಾಗ ಅರ್ಧ ಯಾರಿಗೂ ತಿಳೀಲಾರದ ಅಕ್ಷರ. ವಕೀಲರು ವಾರಗಟ್ಲೆ ತಿರುವಿ ಹಾಕಿ ಸೋತು ಕುಂತಿದ್ರು. ರಿಟೈರ್ ಆದ ಒಬ್ಬ ಸಿಸ್ಟರ್ ಬಂದ್ರು, ಚಾ ಕುಡಿಯೋದ್ರಾಗ ಒಂದು ಹಾಳಿ ತಗದು ಮುಂದ ಇಟ್ರು. ರೋಗಿ ಆಪರೇಷನ್ ಥಿಯೇಟರ್‌ನ್ಯಾಗ ಇದ್ದ ಹೊತ್ತಿನ್ಯಾಗ ವಾರ್ಡಿನ ಚಾರ್ಟ್‌ನ್ಯಾಗ ತಾಸಿಗೊಮ್ಮೆ ಬಿಪಿ ಬರದಿತ್ತು, ಎಲ್ಲಾ ಒಂದ ಶಾಯಿ, ಒಂದ ಕೈ. ಆಮ್ಯಾಲೆ ಕುಂತು ಹಚ್ಚಿದ ಬರಹ ಇದು ಅಂದ್ರು. ಕಾನೂನು ಓದಿದವರಿಗೆ ಅದು ಕಾಣಲಿಲ್ಲ, ಯಾಕಂದ್ರ ಅವರ್ಯಾರೂ ಆ ಚಾರ್ಟ್ ತುಂಬಿದವರಲ್ಲ.

1995ರಾಗ ಸುಪ್ರೀಂ ಕೋರ್ಟ್ ಐಎಂಎ (ವೈದ್ಯರ ಸಂಘ) ಮತ್ತು ಶಾಂತಾ ಪ್ರಕರಣದಾಗ ರೊಕ್ಕ ಕೊಟ್ಟು ತಗೊಳ್ಳೋ ಚಿಕಿತ್ಸೆ ಗ್ರಾಹಕ ಕಾಯ್ದೆಯೊಳಗ ಬರ್ತೈತಿ ಅಂತ ಹೇಳ್ತು. ರೋಗಿ ಕಡೆಯವರು ಕೇಳಿದ್ರ 72 ತಾಸಿನೊಳಗ ದಾಖಲೆ ಕೊಡಬೇಕು ಅಂತ ವೈದ್ಯರ ನಡತೆಯ 2002ರ ನಿಯಮ ಹೇಳ್ತೈತಿ. ಹಕ್ಕು ಬಂತು, ಕಾಗದನೂ ಕೈಗೆ ಬಂತು ಅನ್ರಿ, ಓದಿ ಹೇಳೋರ್ಯಾರು? 2005ರ ಜೇಕಬ್ ಮ್ಯಾಥ್ಯೂ ತೀರ್ಪಿನ್ಯಾಗ ಕ್ರಿಮಿನಲ್ ಕೇಸ್ ಹಾಕೋಕಿಂತ ಮೊದಲ ಇನ್ನೊಬ್ಬ ಡಾಕ್ಟರ್ ಅಭಿಪ್ರಾಯ ಬೇಕು ಅಂದ್ರು, ಅದು ಸರಿನ. ಆದ್ರ ಮಗ್ಗಲು ಹೊರಳಿಸಿದ್ರೋ ಇಲ್ಲೋ, ಡ್ರಿಪ್ ಯಾವಾಗ ನಿಂತ್ತು, ಡ್ಯೂಟಿ ಬದಲಾಗೋ ಮುಂದ ಹ್ಯಾಂಡೋವರ್‌ನ್ಯಾಗ ಏನ್ ಬಿಟ್ಟುಹೋತು, ಇದನ್ನ ನರ್ಸ್ ಬಿಟ್ಟು ಬ್ಯಾರೆ ಯಾರಿಗೆ ಕೇಳ್ತೀರಿ?

1998ರ ಸ್ಪ್ರಿಂಗ್ ಮೆಡೋಸ್ ದವಾಖಾನಿ ಕೇಸಿನ ತೀರ್ಪು ತಪ್ಪದ ಓದ್ರಿ. ಕೊಡಬಾರದ ಇಂಜೆಕ್ಷನ್ ರಕ್ತನಾಳಕ್ಕ ಕೊಟ್ಟು ಒಂದು ಕೂಸಿನ ಬಾಳೇ ಹಾಳಾತು, ವಿಚಾರಣೆ ಮಾಡಿದ್ರ ನರ್ಸ್ ಅಂತ ಇಟ್ಕೊಂಡಿದ್ದಾಕಿಗೆ ಅರ್ಹತೆನ ಇರಲಿಲ್ಲ. ಕಡಿಮಿ ಪಗಾರಕ್ಕ ಸಿಕ್ಕವರನ್ನ ವಾರ್ಡಿನ್ಯಾಗ ನಿಲ್ಲಿಸೋ ಚಾಳಿ ನಮ್ಮ ಕಡೆ ಇನ್ನೂ ಹೋಗಿಲ್ಲ.

ಇನ್ನೊಂದು ನನ್ನ ಎದಿಗೆ ಚುಚ್ಚೋ ಮಾತು. ಐಪಿಸಿ ಬದ್ಲಿ ಬಂದ ಹೊಸ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಂ ನೋಡ್ರಿ, 2024ರ ಜುಲೈ 1ಕ್ಕ ಜಾರಿಗೆ ಬಂದಿದ್ದು. ನಿರ್ಲಕ್ಷ್ಯದಿಂದ ಸಾವಾದ್ರ 5 ವರ್ಷದ ತನಕ ಜೈಲು, ಚಿಕಿತ್ಸೆ ಮಾಡುವಾಗ ನೋಂದಾಯಿತ ವೈದ್ಯರಿಂದ ಆಗಿದ್ರ 2 ವರ್ಷದ ತನಕ ಅಷ್ಟ. ಆ ವೈದ್ಯ ಅನ್ನೋದರೊಳಗ ನರ್ಸ್ ಬರೂದಿಲ್ಲ! ಅದ ಹಾಸಿಗಿ, ಅದ ರೋಗಿ, ಅದ ರಾತ್ರಿ. ಐಸಿಯುದಾಗ ಒಬ್ಬ ರೋಗಿಗೆ ಒಬ್ಬ ನರ್ಸ್ ಇರಬೇಕಂತ ನರ್ಸಿಂಗ್ ಕೌನ್ಸಿಲ್ ಲೆಕ್ಕ ಐತಿ, ನಿಮಗ ಎಷ್ಟು ಮಂದಿ ಒಪ್ಪಿಸ್ತಾರ ಅಂತ ಪತ್ರದಾಗ ನೀವ ಬರದೀರಿ, ಅದನ್ನ ಇಲ್ಲಿ ಹಾಕಿಲ್ಲ ನಾ, ನಿಮ್ಮ ನೌಕರಿಗೆ ಕುತ್ತು ಬರಬಾರದಂತ. ಹಿಂಗ ಇರುವಾಗ ಕಾನೂನು ತಿಳಿದ ನರ್ಸ್‌ಗಳು ನಮಗ ಬೇಕ ಬೇಕು, ರೋಗಿ ಸಲುವಾಗಿನೂ, ತಪ್ಪಿಲ್ಲದ ಸಿಕ್ಕಿಬೀಳೋ ಸಿಸ್ಟರ್‌ಗಳ ಸಲುವಾಗಿನೂ.

ಈಗ ಎಚ್ಚರಿಕಿ ಮಾತು. ಅಮೆರಿಕದಾಗ ಈ ಕೆಲಸದವರದ ಸಂಘ 1989ರಾಗ ಆಗೇತಿ, ಅವರ ಸರ್ಟಿಫಿಕೇಟಿಗೆ ಅಲ್ಲಿಯ ನರ್ಸಿಂಗ್ ಲೈಸೆನ್ಸ್, 5 ವರ್ಷದ ಅನುಭವ, ಮ್ಯಾಲೆ ಇದ ಕೆಲಸದಾಗ 2000 ತಾಸು ಬೇಕು. ನಮ್ಮಲ್ಲಿ ಕಾನೂನಿನ ಪ್ರಕಾರ ಹಿಂಗೊಂದು ಹುದ್ದೆನ ಇಲ್ಲ. ಹಂಗಾಗಿ ಆನ್‌ಲೈನ್ ಕೋರ್ಸಿನವರು ತಿಂಗಳಿಗೆ ಲಕ್ಷ ಅಂದ ಕೂಡ್ಲೆ ಬಂಗಾರ ಒತ್ತಿ ಇಟ್ಟು ಫೀ ಕಟ್ಟಬ್ಯಾಡ್ರಿ. ದಾರಿ ಇರೋದು ಇಲ್ಲಿ: ವಿಮಾ ಕ್ಲೇಮ್ ನೋಡೋ ಕಂಪನಿಗಳು, ದೊಡ್ಡ ದವಾಖಾನಿಯ ಕ್ವಾಲಿಟಿ ವಿಭಾಗ, ಅಮೆರಿಕದ ವಕೀಲರಿಗೆ ಇಲ್ಲಿಂದ ಫೈಲ್ ಓದಿ ಕೊಡೋ ಕಂಪನಿಗಳು. ನೌಕರಿ ಈಗಲೇ ಬಿಡಬ್ಯಾಡ್ರಿ, ಡೇ ಡ್ಯೂಟಿ ಕೇಳ್ರಿ, ರಿಜಿಸ್ಟ್ರೇಷನ್ ರಿನ್ಯೂವಲ್ ತಪ್ಪಿಸಬ್ಯಾಡ್ರಿ. ನಿಮ್ಮ ದವಾಖಾನಿಯ ಒಂದು ಹಾಳಿನೂ ಮನಿಗೆ ತರಬ್ಯಾಡ್ರಿ, ಆ ದವಾಖಾನಿ ಮ್ಯಾಲಿನ ಕೇಸ್ ಯಾವತ್ತೂ ಮುಟ್ಟಬ್ಯಾಡ್ರಿ. ಬಿಎಸ್ಸಿ ಆಗಿದ್ರ ಮೂರು ವರ್ಷದ ಎಲ್‌ಎಲ್‌ಬಿ ಮಾಡಬಹುದು, ಬರೇ ಜಿಎನ್ಎಂ ಡಿಪ್ಲೊಮಾ ಇದ್ರ ಮೊದಲ ಪೋಸ್ಟ್ ಬೇಸಿಕ್ ಬಿಎಸ್ಸಿ ಮುಗಿಸ್ರಿ.

ಅತ್ತಿಯವರಿಗೆ ಅರುಣಾ ಶಾನಭಾಗ್ ಕತಿ ಹೇಳ್ರಿ. ನಮ್ಮ ಉತ್ತರ ಕನ್ನಡದ ಹಳದೀಪುರದ ಹುಡುಗಿ, ಮುಂಬೈ ಕೆಇಎಂ ದವಾಖಾನ್ಯಾಗ ನರ್ಸ್, 1973ರಾಗ ಆಕಿ ಮ್ಯಾಲೆ ಹಲ್ಲೆ ಆಗಿ 42 ವರ್ಷ ಹಾಸಿಗ್ಯಾಗ ಇದ್ಲು. ಜೊತಿಗಿದ್ದ ನರ್ಸ್‌ಗಳು, ಆಮ್ಯಾಲೆ ಬಂದ ನರ್ಸ್‌ಗಳು ಆಕಿನ್ನ ಮಗಳಂಗ ನೋಡಿಕೊಂಡ್ರು. ದಯಾಮರಣದ ಅರ್ಜಿ ಬಂದಾಗ, 2011ರ ತೀರ್ಪಿನ್ಯಾಗ, ಆಕಿ ಪರವಾಗಿ ಮಾತಾಡೋ ಹಕ್ಕು ಆ ದವಾಖಾನಿ ಸಿಬ್ಬಂದಿದು ಅಂತ ಸುಪ್ರೀಂ ಕೋರ್ಟ್ ಹೇಳಿ ಅರ್ಜಿ ತಳ್ಳಿಹಾಕ್ತು. ಸೇವಾ ಮಾಡಿದ ಕೈಗಳ ಮಾತು ದೇಶದ ದೊಡ್ಡ ಕೋರ್ಟಿನ್ಯಾಗ ನಡೀತು ತಂಗಿ, ವಕೀಲರ ಮುಂದ ಏನ್ ಮಾತಾಡ್ಲಿ ಅಂತ ನೀವ್ಯಾಕ ಅಂಜ್ತೀರಿ?

ಒಂದು ಕೆಲಸ ಒಪ್ಪಿಸ್ತೇನಿ. ಕೇಸ್ ಪೇಪರ್ ಕೈಗೆ ಬಂದ್ರ ಮನಿಮಂದಿ ಮೊದಲ ಯಾವ ಹಾಳಿ ನೋಡಬೇಕು, ಯಾವುದು ಇಲ್ಲಂದ್ರ ಕೇಳಬೇಕು ಅಂತ ಸರಳ ಕನ್ನಡದಾಗ ಬರದು ಕಳಿಸ್ರಿ. ಮುಂದಿನ ಸಂಚಿಕೆದಾಗ ಎರಡು ಪುಟ ನಿಮಗಂತ ಇಟ್ಟೇನಿ, ಹೆಸರು ಹಾಕಬ್ಯಾಡ ಅಂದ್ರ ಹಾಕಂಗಿಲ್ಲ.